ಲಿವರ್‌ಪೂಲಿನ ನೆಲಮಾಳಿಗೆಯಲ್ಲಿ

ನನ್ನ ಮಗನು ಉದ್ಯೋಗನಿಮಿತ್ತವಾಗಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಟ್ಟಣದಲ್ಲಿರುವನು. ಕಳೆದ ಬೇಸಗೆಯಲ್ಲಿ ನಾವು ದಂಪತಿಗಳು ಅಲ್ಲಿಗೆ ಹೋಗಿದ್ದೆವು. ಒಂದು ದಿನ ಅವನು, “ಅಪ್ಪಾ, ನಾಳೆ ಲಿವರ್‌ಪೂಲಿಗೆ ಹೋಗೋಣ, ನಿಮಗೊಂದು ನೆಲಮಾಳಿಗೆಯನ್ನು ತೋರಿಸಬೇಕು” ಎಂದನು. ಅದು ಬೀಟಲ್ಸ್ ಎಂಬ ನಾಲ್ವರು ತರುಣರು ಹಾಡುತ್ತಿದ್ದ ಸ್ಥಳವೆಂದು ತಿಳಿದೊಡನೆ ನನ್ನ ಉತ್ಸಾಹವು ಅರ್ಧಕ್ಕೆ ಇಳಿಯಿತು. ಇದಕ್ಕೆ ಕಾರಣವುಂಟು. ಈ ಮಗನು ಕಾಲೇಜಿನಲ್ಲಿ ಓದುತ್ತಿದ್ದಾಗ ಸ್ನೇಹಿತನೊಬ್ಬನಿಂದ ವಿದ್ಯುತ್ ಗಿಟಾರೊಂದನ್ನು ಕೇಳಿ ತಂದಿದ್ದನು. “ಇದು ಸಂಗೀತವಲ್ಲ, ಗದ್ದಲ” ಎಂದು ನಾನು ಗದರಿದೆನು. ಮರುದಿನವೇ ವಾದ್ಯವು ಹಿಂದಿರುಗಿ ಹೋಯಿತು. ಆ ಮಾತನ್ನು ಅವನು ಮತ್ತೆಂದೂ ಎತ್ತಲಿಲ್ಲ. ನಾನು ಮರೆಯಲೂ ಇಲ್ಲ.

ಲೈಮ್ ಸ್ಟ್ರೀಟ್ ನಿಲ್ದಾಣದಲ್ಲಿಳಿದು ಸ್ವಲ್ಪ ದೂರ ನಡೆದರೆ ಮ್ಯಾಥ್ಯೂ ಸ್ಟ್ರೀಟ್ ಎಂಬ ಇಕ್ಕಟ್ಟಾದ ಬೀದಿಯು ಸಿಕ್ಕುವುದು. ‘ಕ್ಯಾವರ್ನ್’ ಎಂಬ ಗಾನಮಂದಿರವು ಅಲ್ಲಿಯೇ ಇರುವುದು. ಕ್ಯಾವರ್ನ್ ಎಂದರೆ ಗುಹೆ. ಹೆಸರು ಅನ್ವರ್ಥವೇ ಸರಿ. ದಾಸ್ತಾನು ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಇದು 1957ರಲ್ಲಿ ಆರಂಭವಾಯಿತು. ಬೀಟಲ್ಸರು 1961ರಿಂದ 1963ರವರೆಗೆ ಇಲ್ಲಿ 290ಕ್ಕೂ ಹೆಚ್ಚು ಸಲ ಹಾಡಿದರೆಂದು ಲೆಕ್ಕ. ರೈಲ್ವೆಯ ಕಾಮಗಾರಿಗಾಗಿ 1973ರಲ್ಲಿ ಇದನ್ನು ಮುಚ್ಚಿ ಕಟ್ಟಡವನ್ನು ಕೆಡವಿದರು. ಈಗಿರುವುದು ಹಳೆಯ ಇಟ್ಟಿಗೆಗಳನ್ನೂ ಬಳಸಿ 1984ರಲ್ಲಿ ಮತ್ತೆ ಕಟ್ಟಿದುದು.

ಮೆಟ್ಟಿಲುಗಳನ್ನಿಳಿದು ಹೋದೆವು. ತಗ್ಗಾದ ಇಟ್ಟಿಗೆಯ ಕಮಾನುಗಳು. ಅವುಗಳ ಕೊನೆಯಲ್ಲಿ ಒಂದು ಪುಟ್ಟ ರಂಗ. ಹಳೆಯ ಹಾಡುಗಳನ್ನು ಹಾಡುವ ನಾಲ್ವರು ಯುವಕರು, ಅಂದಿನವರು ಬಳಸಿದಂಥ ವಾದ್ಯಗಳನ್ನೇ ಅಣಿಮಾಡುತ್ತಿದ್ದರು. ಮಗನು ಒಂದೊಂದನ್ನೂ ತೋರಿಸಿ ವಿವರಿಸಿದನು. ನಾನು ಶಿಷ್ಯನಾದೆನು.

ವಿದ್ಯುತ್ ಗಿಟಾರಿನಲ್ಲಿ ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತವಿರುವುದು. ಅದರ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುವರು. ಮೀಟಿದ ತಂತಿಯು ನಡುಗಿದರೆ ಆ ಸುರುಳಿಯಲ್ಲಿ ಅತಿ ದುರ್ಬಲವಾದ ವಿದ್ಯುತ್ತು ಹುಟ್ಟುವುದು. ಅದನ್ನು ಬಲಪಡಿಸುವುದು ಆಂಪ್ಲಿಫೈಯರ್ ಎಂಬ ಪೆಟ್ಟಿಗೆ; ಅದನ್ನು ಮರಳಿ ನಾದವಾಗಿಸುವುದು ಸ್ಪೀಕರ್. 1962ರಿಂದ ಬೀಟಲ್ಸರು ಬಳಸಿದ ವಾಕ್ಸ್ ಎ.ಸಿ. 30 ಎಂಬ ಪೆಟ್ಟಿಗೆಯು ಕೆಂಟ್ ಪ್ರಾಂತದ ಡಾರ್ಟ್‌ಫರ್ಡಿನಲ್ಲಿ ತಯಾರಾದುದು. ಅದರ ಶಕ್ತಿ 30 ವಾಟ್; ಒಳಗೆ 12 ಅಂಗುಲದ ಎರಡು ಸ್ಪೀಕರುಗಳು. ಮಂದ್ರಸ್ವರದ ಬೇಸ್ ಗಿಟಾರಿಗೆ ನಾಲ್ಕೇ ತಂತಿಗಳು. ಪಾಲ್ ಮೆಕಾರ್ಟ್ನಿಯವರು 1961ರಲ್ಲಿ ಹ್ಯಾಂಬರ್ಗಿನಲ್ಲಿ ಕೊಂಡುದು ಪಿಟೀಲಿನ ಆಕಾರದ ಹಾಫ್ನರ್. ಅವರು ಎಡಗೈಯವರು, ಎರಡು ಪಕ್ಕವೂ ಸಮನಾಗಿದ್ದ ಆ ವಾದ್ಯವನ್ನು ತಿರುಗಿಸಿ ಹಿಡಿದರೂ ವಿಕಾರವಾಗಿ ಕಾಣದು. 1972ರಲ್ಲಿ ಕಳುವಾದ ಆ ವಾದ್ಯವು ಐವತ್ತು ವರ್ಷಗಳ ಮೇಲೆ ದೊರೆತು, 2024ರಲ್ಲಿ ಆ ಸುದ್ದಿಯು ಪ್ರಕಟವಾಯಿತು. ಇನ್ನು ತಾಳಕ್ಕೆ ನಾಲ್ಕು ಡ್ರಮ್ಮುಗಳು ಮತ್ತು ಹಿತ್ತಾಳೆ ಕಂಚಿನ ತಟ್ಟೆಗಳು. ಇವಕ್ಕೆ ವಿದ್ಯುತ್ತಿನ ಹಂಗಿಲ್ಲ.

“ಇಷ್ಟೆಲ್ಲ ಯಂತ್ರಗಳೂ ಸದ್ದನ್ನು ಹೆಚ್ಚಿಸುವುದಕ್ಕೇ ಅಲ್ಲವೆ?” ಎಂದೆನು. ನನ್ನ ಹಳೆಯ ವಾದವು ಇನ್ನೂ ಬದುಕಿದ್ದಿತು. ಮಗನು ನಕ್ಕು, 1965ರ ಆಗಸ್ಟ್ 15ರ ಕಥೆಯನ್ನು ಹೇಳಿದನು. ಅಂದು ನ್ಯೂಯಾರ್ಕಿನ ಶೇ ಸ್ಟೇಡಿಯಮ್ಮಿನಲ್ಲಿ 55,000ಕ್ಕೂ ಮಿಕ್ಕ ಜನರು ನೆರೆದಿದ್ದರು. ಅದಕ್ಕೆಂದೇ 100 ವಾಟಿನ ಆಂಪ್ಲಿಫೈಯರುಗಳು ಬಂದಿದ್ದುವು. ಕಂಠಧ್ವನಿಯಾದರೋ ಆಟದ ಬಯಲಿನ ಪ್ರಕಟಣೆಯ ಸ್ಪೀಕರುಗಳ ಮೂಲಕ ಹೊರಟಿತು. ಜನರ ಕಿರುಚಾಟದಲ್ಲಿ ಎಲ್ಲವೂ ಮುಳುಗಿತು. ಹಾಡುವವರಿಗೆ ತಮ್ಮ ದನಿ ತಮಗೇ ಕೇಳಿಸದು. ಇಂಥ ಕಚೇರಿಗಳಲ್ಲಿ ಜತೆಗಾರರ ಮೈ ಅಲುಗುವುದನ್ನು ನೋಡಿ ಹಾಡು ಎಲ್ಲಿಗೆ ಬಂದಿತೆಂದು ಊಹಿಸುತ್ತಿದ್ದುದಾಗಿ ಡ್ರಮ್ ಬಾರಿಸುತ್ತಿದ್ದ ರಿಂಗೋ ಸ್ಟಾರರೇ ಹೇಳಿಕೊಂಡಿರುವರು. ಮರುವರ್ಷ, 1966ರ ಆಗಸ್ಟ್ 29ರಂದು, ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಹಾಡಿದ ಮೇಲೆ ಅವರು ಊರೂರು ತಿರುಗಿ ಹಾಡುವುದನ್ನೇ ಬಿಟ್ಟರು. ಕಾರಣಗಳು ಹಲವು, ತಮ್ಮ ಹಾಡು ತಮಗೆ ಕೇಳದಿದ್ದುದೂ ಅವುಗಳಲ್ಲೊಂದು.

ಅಷ್ಟರಲ್ಲಿ ರಂಗದ ಮೇಲಿನವರು ಪರೀಕ್ಷೆಗೆ ತೊಡಗಿದರು. ಅವರ ಕಾಲ ಬಳಿ, ನಮಗೆ ಬೆನ್ನು ಮಾಡಿ, ಓರೆಯಾದ ಪೆಟ್ಟಿಗೆಗಳಿದ್ದುವು. ಇವಕ್ಕೆ ಮಾನಿಟರ್ ಎಂದು ಹೆಸರು. ಸಭೆಗಲ್ಲ, ಹಾಡುವವನಿಗೇ ಅವನ ದನಿಯನ್ನೂ ಜತೆಗಾರರ ನಾದವನ್ನೂ ಕೇಳಿಸುವುದು ಇವುಗಳ ಕೆಲಸ. ಶೇ ಸ್ಟೇಡಿಯಮ್ಮಿನಲ್ಲಿ ಇಲ್ಲದಿದ್ದ ಉಪಕರಣವೆಂದರೆ ಇದೇ. ಗಾಯಕನು ಎರಡು ಸಾಲು ಹಾಡಿ ನಿಲ್ಲಿಸಿದನು. ದೂರದಲ್ಲಿ ಮಿಕ್ಸರಿನ ಮುಂದೆ ಕುಳಿತವನಿಗೆ ಗಿಟಾರನ್ನು ತೋರಿಸಿ ಬೆರಳನ್ನು ಕೆಳಕ್ಕೆ ಮಾಡಿದನು. ಅದನ್ನು ತಗ್ಗಿಸಿದೊಡನೆ ಅವನ ಮುಖವು ಅರಳಿತು. ಮತ್ತೆ ಹಾಡಿದಾಗ ನಾಲ್ವರೂ ಒಬ್ಬರಾದಂತಿದ್ದಿತು.

ಶ್ರುತಿಯೆಂಬುದು ‘ಶ್ರು’ ಎಂಬ ಧಾತುವಿನಿಂದ ಬಂದ ಶಬ್ದ. ಆ ಧಾತುವಿಗೆ ‘ಕೇಳು’ ಎಂದು ಅರ್ಥ. ಮೂವತ್ತು ವರ್ಷ ಇದನ್ನು ತರಗತಿಯಲ್ಲಿ ಗಟ್ಟಿಯಾಗಿ ಹೇಳಿಕೊಟ್ಟವನು ನಾನು. ಮಕ್ಕಳು ಗಲಾಟೆ ಮಾಡಿದಷ್ಟೂ ನನ್ನ ದನಿಯನ್ನು ಏರಿಸುತ್ತಿದ್ದೆನು. ಏರಿಸಿದಷ್ಟೂ ಅವರು ಹೇಳುತ್ತಿದ್ದುದು ನನಗೆ ಕೇಳಿಸುತ್ತಿರಲಿಲ್ಲ. ನಮ್ಮ ಕಚೇರಿಯಲ್ಲಿ ಹಿಂದೆ ಕುಳಿತು ತಂಬೂರಿ ಮೀಟುವವರು ಮಾಡುವ ಕೆಲಸಕ್ಕೂ ಈ ಓರೆ ಪೆಟ್ಟಿಗೆಯ ಕೆಲಸಕ್ಕೂ ಬಂಧುತ್ವವುಂಟೆಂದು ತಿಳಿಯಲು ನಾನು ಸಮುದ್ರವನ್ನು ದಾಟಬೇಕಾಯಿತು.

ಹಿಂದಿರುಗುವಾಗ ರೈಲಿನಲ್ಲಿ ಮಗನನ್ನು ಕೇಳಿದೆನು: “ಆ ದಿನ ನೀನು ಗಿಟಾರಿನಲ್ಲಿ ನುಡಿಸುತ್ತಿದ್ದ ಹಾಡು ಯಾವುದು?”

ಅವನು ಕಿಟಕಿಯ ಹೊರಗೆ ನೋಡುತ್ತ, “ಹಾಡನ್ನು ಇನ್ನೂ ಶುರುಮಾಡಿರಲಿಲ್ಲ ಅಪ್ಪಾ. ಶ್ರುತಿ ಮಾಡುತ್ತಿದ್ದೆ” ಎಂದನು.