ಸಹಿ ಹಾಕಿದ ಮೇಲೆ

ಷರತ್ತು, ಕರಾರು, ಜಾಮೀನು, ರಾಜೀನಾಮೆ. ನೌಕರಿಯ ಕಾಗದಪತ್ರಗಳಲ್ಲಿ ಬರುವ ಈ ಪದಗಳೆಲ್ಲ ಅರಬಿ, ಪಾರ್ಸಿಯಿಂದ ಬಂದು ಕನ್ನಡದಲ್ಲಿ ಮನೆ ಮಾಡಿಕೊಂಡವು. ಅರಬಿಯ 'ಷರ್ತ್' ಎಂದರೆ ಇದು ನೆರವೇರಿದರೆ ಅದು ಎಂಬ ಕಟ್ಟು. ಆದರೆ ಈಗ ಷರತ್ತೆಂದರೆ ಒಬ್ಬರು ಬರೆಯುವುದು, ಇನ್ನೊಬ್ಬರು ಓದದೆ ಸಹಿ ಹಾಕುವುದು ಎಂದಾಗಿಬಿಟ್ಟಿದೆ.

ನಮ್ಮ ನೆರೆಮನೆಯ ಹುಡುಗಿ ನರ್ಸಿಂಗ್ ಮುಗಿಸಿ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿದಳು. ಸ್ಟಾಂಪ್ ಪೇಪರಿನಲ್ಲಿ ಬಾಂಡ್: ಎರಡು ವರ್ಷ ಕೆಲಸ ಬಿಡುವಂತಿಲ್ಲ, ಬಿಟ್ಟರೆ ಒಂದು ಲಕ್ಷ ಕಟ್ಟಬೇಕು. ಅಂಕಪಟ್ಟಿ, ಸರ್ಟಿಫಿಕೇಟುಗಳ ಅಸಲು ಪ್ರತಿಗಳು ಆಫೀಸಿನ ಕಪಾಟು ಸೇರಿದವು. ಒಂಬತ್ತನೇ ತಿಂಗಳಿಗೆ ತಾಯಿ ಹಾಸಿಗೆ ಹಿಡಿದರು, ಹುಡುಗಿ ರಾಜೀನಾಮೆ ಕೊಟ್ಟಳು. "ಪೊಲೀಸರು ಮನೆಗೆ ಬರ್ತಾರಾ?" ಎಂದು ಆಕೆಯ ತಂದೆ ನಮ್ಮನ್ನು ಕೇಳಿದರು. ಇದು ಸಿವಿಲ್ ವ್ಯಾಜ್ಯ, ಪೊಲೀಸರ ವಿಷಯವಲ್ಲ ಎಂದೆವು. ಅಷ್ಟಕ್ಕೆ ಅವರ ಭಯ ಹೋಗಲಿಲ್ಲ. ಅವರನ್ನು ಕರೆದುಕೊಂಡು ಪರಿಚಯದ ವಕೀಲರ ಬಳಿಗೆ ಹೋದೆವು. ಈಕೆಗೆ ನೀವು ಕೊಟ್ಟ ತರಬೇತಿ ಯಾವುದು, ಅದಕ್ಕೆ ಖರ್ಚಾದದ್ದೆಷ್ಟು ಎಂದು ಕೇಳಿ ಅವರು ನೋಟೀಸು ಕಳಿಸಿದರು. ಮೂರು ವಾರಗಳಲ್ಲಿ ಸರ್ಟಿಫಿಕೇಟುಗಳು ಬಂದವು. ಕೊನೆಯ ತಿಂಗಳ ಸಂಬಳ ಬರಲಿಲ್ಲ. "ಹೋಗಲಿ ಬಿಡಿ" ಎಂದರು ತಂದೆ. ನಮಗೆ ಬಿಡಲು ಮನಸ್ಸಿರಲಿಲ್ಲ, ಆದರೆ ದುಡ್ಡು ನಮ್ಮದಲ್ಲವಲ್ಲ!

ಬರೆದು ಸಹಿ ಮಾಡಿದ್ದೆಲ್ಲ ಕಾನೂನಲ್ಲ ಎಂಬುದನ್ನು ನಮ್ಮ ಹುಡುಗ ಹುಡುಗಿಯರಿಗೆ ಯಾವ ಕಾಲೇಜೂ ಹೇಳಿಕೊಡುವುದಿಲ್ಲ. ಭಾರತೀಯ ಕರಾರು ಕಾಯ್ದೆ 1872ರಷ್ಟು ಹಳೆಯದು. ಅದರ 27ನೇ ಕಲಮಿನ ಪ್ರಕಾರ, ನ್ಯಾಯಬದ್ಧವಾದ ಉದ್ಯೋಗ ಮಾಡದಂತೆ ಒಬ್ಬನನ್ನು ತಡೆಯುವ ಕರಾರು ಆ ಮಟ್ಟಿಗೆ ಅಸಿಂಧು. 74ನೇ ಕಲಮು ಇನ್ನೂ ಮುಖ್ಯ. ಕರಾರು ಮುರಿದರೆ ಇಷ್ಟು ಕೊಡಬೇಕೆಂದು ಬರೆದಿದ್ದರೂ ಆ ಮೊತ್ತ ಗರಿಷ್ಠ ಮಿತಿ ಮಾತ್ರ. ಅದರೊಳಗೆ ನ್ಯಾಯವಾದ ಪರಿಹಾರವೆಷ್ಟೋ ಅಷ್ಟನ್ನೇ ನ್ಯಾಯಾಲಯ ಕೊಡಿಸುತ್ತದೆ.

ಹಾಗಾದರೆ ಷರತ್ತಿಗೆ ಬೆಲೆಯೇ ಇಲ್ಲವೇ? ಇದೆ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದ ವಿಜಯಾ ಬ್ಯಾಂಕಿನ ಮೊಕದ್ದಮೆಯನ್ನೇ ನೋಡಿ. ಮೂರು ವರ್ಷ ತುಂಬುವ ಮೊದಲು ಬಿಟ್ಟರೆ ಎರಡು ಲಕ್ಷ ಎಂಬುದು ಅಲ್ಲಿನ ಷರತ್ತು. ಹಿರಿಯ ಮ್ಯಾನೇಜರೊಬ್ಬರು 2009ರಲ್ಲಿ ಆಕ್ಷೇಪಣೆಯೊಂದಿಗೇ ಹಣ ಕಟ್ಟಿ ಹೊರಬಂದರು. ಕರ್ನಾಟಕ ಹೈಕೋರ್ಟಿನಲ್ಲಿ ಅವರೇ ಗೆದ್ದರು. ಆದರೆ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಬ್ಯಾಂಕಿನ ಪರ ತೀರ್ಪಿತ್ತಿತು. ಈ ಷರತ್ತು ಬೇರೆ ಕಡೆ ದುಡಿಯುವುದನ್ನು ತಡೆಯುವುದಿಲ್ಲ, ಅವಧಿಗೆ ಮುಂಚೆ ಬಿಟ್ಟರೆ ಪರಿಹಾರ ಕೇಳುತ್ತದೆ ಅಷ್ಟೆ. ಸರಕಾರಿ ಬ್ಯಾಂಕು ಬಹಿರಂಗ ಆಯ್ಕೆ ನಡೆಸಿಯೇ ಜನರನ್ನು ತೆಗೆದುಕೊಳ್ಳಬೇಕು, ಅದಕ್ಕೆ ಖರ್ಚಿದೆ. ಆ ಹುದ್ದೆಯ ಸಂಬಳಕ್ಕೆ ಎರಡು ಲಕ್ಷ ಹೊರೆಯಲ್ಲ ಎಂಬುದು ಅದರ ವಾದಸರಣಿ. ಈ ತೀರ್ಪು ನಮಗೆ ಅನ್ಯಾಯವೆನಿಸಿಲ್ಲ.

ಆದರೆ ಇದೇ ನ್ಯಾಯಾಲಯ 1986ರಲ್ಲಿ ಬೇರೊಂದು ಮಾತನ್ನೂ ಹೇಳಿದೆ. ಕಲಕತ್ತೆಯ ಸರಕಾರಿ ಜಲಸಾರಿಗೆ ಕಂಪೆನಿಯೊಂದು ಮೂರು ತಿಂಗಳ ನೋಟೀಸು ಕೊಟ್ಟು, ಇಲ್ಲವೇ ಅಷ್ಟು ಸಂಬಳ ಕೊಟ್ಟು, ಯಾವ ಕಾರಣವನ್ನೂ ಹೇಳದೆ ಕಾಯಂ ನೌಕರರನ್ನು ತೆಗೆದುಹಾಕುವ ಷರತ್ತು ಇಟ್ಟುಕೊಂಡಿತ್ತು. ನೌಕರರು ಒಪ್ಪಿದ್ದರು ನಿಜ. ಒಪ್ಪದಿದ್ದರೆ ಕೆಲಸವೇ ಇಲ್ಲ ಎನ್ನುವವನ ಒಪ್ಪಿಗೆ ಎಂಥ ಒಪ್ಪಿಗೆ? ಬಲದಲ್ಲಿ ಸಮಾನರಲ್ಲದವರ ನಡುವಿನ ಅನ್ಯಾಯದ ಷರತ್ತು ಸಾರ್ವಜನಿಕ ಹಿತಕ್ಕೆ ವಿರುದ್ಧ, ಆದ್ದರಿಂದ ಅಸಿಂಧು ಎಂದಿತು ನ್ಯಾಯಾಲಯ.

ವಿಜಯಾ ಬ್ಯಾಂಕಿನ ತೀರ್ಪನ್ನು ತೋರಿಸಿ ಈಗ ಎಲ್ಲ ಬಾಂಡುಗಳೂ ಸಿಂಧು ಎಂದು ಹೆದರಿಸುವವರು ಇದ್ದಾರೆ. ಆದರೆ ಬಹಿರಂಗ ಆಯ್ಕೆಯನ್ನೂ ನಡೆಸದೆ, ತರಬೇತಿಯನ್ನೂ ಕೊಡದೆ, ಹೊಸದಾಗಿ ಸೇರಿದ ನರ್ಸಿನ ಹಲವು ತಿಂಗಳ ಸಂಬಳಕ್ಕೆ ಸಮನಾದ ಮೊತ್ತವನ್ನು ಕೇಳುವ ಆಸ್ಪತ್ರೆಗೆ ಬ್ಯಾಂಕಿನ ಪರವಾಗಿ ನಿಂತ ಆ ಕಾರಣಗಳಲ್ಲಿ ಯಾವುದು ಅನ್ವಯಿಸುತ್ತದೆ?