ಇಪ್ಪತ್ತು ಅಂಕದ ಕತ್ತರಿ

ನಾವು ಜಯನಗರ, ಬನಶಂಕರಿಯ ಮನೆಗಳಲ್ಲಿ ಮುಸುರೆ ತಿಕ್ಕಿದ ಅವ್ವಂದಿರ ಮಕ್ಕಳು. ಎಸ್ಸೆಸ್ಸೆಲ್ಸಿಯ ಹೆಚ್ಚಿನ ವಿಷಯಗಳಲ್ಲಿ ಲಿಖಿತಕ್ಕೆ 80 ಅಂಕ, ಶಾಲೆಯ ಕೈಲಿ 20. ಶಾಲೆಗಳು ಧಾರಾಳವಾಗಿ ಹಾಕ್ತವೆ, ಲಿಖಿತದ ಅಂಕಕ್ಕೆ ತಕ್ಕಂತೆ ಕತ್ತರಿಸಿ ಅಂತಾರೆ. ಧಾರಾಳ ಇರೋದು ಸುಳ್ಳಲ್ಲ. ಆದರೆ ಕತ್ತರಿ ಯಾರ ಮೇಲೆ ಬೀಳ್ತದೆ? ದುಡ್ಡಿದ್ದವರ ಮಗು ಟ್ಯೂಷನ್ನಿನ ಬಲದಿಂದ ಲಿಖಿತದಲ್ಲೂ ಗೆಲ್ತದೆ; ಅದರ ಇಪ್ಪತ್ತು ಭದ್ರ. ವರ್ಷವಿಡೀ ತಾನೇ ಕೂತು ಮಾಡಿ, ಪರೀಕ್ಷೆಯ ದಿನ ಎಡವಿದ ನಮ್ಮ ಮಗುವಿಗೆ ಎರಡೂ ಹೋಗ್ತವೆ.

2021ರಲ್ಲಿ ಕೊರೊನಾದಿಂದ ಹತ್ತನೇ ತರಗತಿ ಪರೀಕ್ಷೆ ರದ್ದಾದಾಗ, ಸಿಬಿಎಸ್‌ಇಯವರು ಶಾಲೆ ಕೊಡುವ ಅಂಕ ಆ ಶಾಲೆಯ ಹಿಂದಿನ ಫಲಿತಾಂಶಕ್ಕೆ ಹೊಂದಬೇಕು ಅಂದರು. ಹಿಂದಿನವರ ಕೋಲಿನಲ್ಲಿ ಇವತ್ತಿನ ಮಗುವನ್ನ ಅಳೆಯೋದು ನಮಗೆ ಹೊಸದಲ್ಲ. ಜಾತಿ ಮಾಡಿದ್ದೂ ಅದನ್ನೇ.

ಅನುಮಾನ ಇದ್ದರೆ ಬೇರೆ ಶಾಲೆಯ ಮೇಷ್ಟ್ರು ಬಂದು ಮಗುವಿನ ನೋಟುಪುಸ್ತಕ ತೆರೆಯಲಿ, ನಾಲ್ಕು ಪ್ರಶ್ನೆ ಕೇಳಲಿ. ಆಮೇಲೆ ಬೇಕಾದರೆ ಕತ್ತರಿಸಲಿ.