ಮರಳಿ ಬಾರದ ವಿಮಾನ

ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ, ಚಪಲ್ ಯುದ್ಧನೌಕೆಯ ಬಳಿ, ಟುಪೊಲೆವ್ 142 ಎಂಬ ಬೃಹತ್ ವಿಮಾನವೊಂದು ನಿಂತಿದೆ. 1988ರಿಂದ 2017ರವರೆಗೆ ನಮ್ಮ ನೌಕಾಪಡೆಯಲ್ಲಿದ್ದು ಸಮುದ್ರವನ್ನು ಕಾದ ವಿಮಾನವಿದು. ಅಂಕೋಲೆಯಿಂದ ಮೊಮ್ಮಗನನ್ನು ಕರೆದುಕೊಂಡು ಒಂದು ಸಂಜೆ ನಾನು ಅದನ್ನು ನೋಡಲು ಹೋಗಿದ್ದೆ.

"ಅಜ್ಜಾ, ಇದು ಎಷ್ಟು ವಿಮಾನಗಳನ್ನು ಹೊಡೆದುರುಳಿಸಿದೆ?" ಎಂದು ಅವನು ಕೇಳಿದ.

ಜಲಾಂತರ್ಗಾಮಿಗಳನ್ನು ಹುಡುಕುವುದು ಇದರ ಕೆಲಸವಾಗಿತ್ತು ಎಂದಾಗ ಅವನ ಮುಖ ಬಾಡಿತು. ಗಾಳಿಮರದ ನೆರಳಿನಲ್ಲಿ ಕುಳಿತು ಅವನಿಗೆ ಕೊಡಗಿನ ವೀರನೊಬ್ಬನ ಕತೆಯನ್ನು ಹೇಳಿದೆ.

1965ರ ಸೆಪ್ಟೆಂಬರ್ 7ರ ಮುಂಜಾವು. ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ ಮಾಡಲು ನಮ್ಮ ಮಿಸ್ಟಿಯರ್ ವಿಮಾನಗಳು ಆದಂಪುರದಿಂದ ಹೊರಟವು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅಂದು ಮೀಸಲು ಚಾಲಕ. ತಂಡದಲ್ಲಿ ಯಾರಾದರೂ ಹಿಂದುಳಿದರೆ ಆ ಸ್ಥಾನವನ್ನು ತುಂಬುವುದು ಅವರ ಹೊಣೆ. ಹಾಗೆಯೇ ಅವರು ದಾಳಿಗೆ ಸೇರಿದರು. ಶಬ್ದಕ್ಕಿಂತ ಎರಡು ಪಟ್ಟು ವೇಗವಾಗಿ ಹಾರಬಲ್ಲ ಸ್ಟಾರ್‌ಫೈಟರ್ ವಿಮಾನವೊಂದು ಅವರ ಮೇಲೆರಗಿತು. ಮಿಸ್ಟಿಯರ್‌ಗೆ ಅಷ್ಟು ವೇಗವಿರಲಿಲ್ಲ. ಗುಂಡೇಟು ಬಿದ್ದ ವಿಮಾನದಲ್ಲಿಯೇ ದೇವಯ್ಯ ತಿರುಗಿ ಹೋರಾಡಿ ಸ್ಟಾರ್‌ಫೈಟರನ್ನು ಉರುಳಿಸಿದರು. ಆದರೆ ಅವರು ಮರಳಲಿಲ್ಲ.

ಆ ಹೋರಾಟವನ್ನು ಸಂಗಡಿಗರಾರೂ ಕಂಡಿರಲಿಲ್ಲ. ದಾಖಲೆಯಲ್ಲಿ ಉಳಿದದ್ದು 'ಕಾಣೆಯಾದವರು' ಎಂಬ ಒಂದೇ ಮಾತು. 1979ರಲ್ಲಿ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕನ ಗ್ರಂಥ ಹೊರಬಂದ ಮೇಲೆಯೇ ನಿಜ ಸಂಗತಿ ಬೆಳಕಿಗೆ ಬಂದಿತು. 1988ರಲ್ಲಿ ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರಚಕ್ರ ಸಂದಿತು. ಅಷ್ಟರಲ್ಲಿ 23 ವರ್ಷಗಳು ಕಳೆದಿದ್ದವು. ಶೌರ್ಯ ನಡೆದದ್ದು ಕೆಲವು ನಿಮಿಷಗಳಲ್ಲಿ; ಅದರ ಬೆಲೆಯನ್ನು ಮನೆಯವರು ತೆತ್ತದ್ದು ವರ್ಷಗಳ ಲೆಕ್ಕದಲ್ಲಿ.

"ಆ ಇನ್ನೊಬ್ಬ ಚಾಲಕ ಸತ್ತನೇ?" ಎಂದು ಹುಡುಗ ಮೆಲ್ಲನೆ ಕೇಳಿದ.

"ಇಲ್ಲ. ಅಮ್ಜದ್ ಹುಸೇನ್ ಎಂಬ ಆ ಚಾಲಕ ವಿಮಾನದಿಂದ ಹೊರಚಿಮ್ಮಿ, ಧುಮುಕುಕೊಡೆಯ ನೆರವಿನಿಂದ ಬದುಕಿಕೊಂಡ."

ಹುಡುಗ ಕ್ಷಣಕಾಲ ಸುಮ್ಮನಿದ್ದು, "ಅವನಾದರೂ ಮನೆಗೆ ಹೋದನಲ್ಲ" ಎಂದ.

ಆ ಮಾತು ನನ್ನನ್ನು ತಡೆದು ನಿಲ್ಲಿಸಿತು. ಆಕಾಶದಲ್ಲಿ ಕಾದಾಡುವವರು ಒಬ್ಬರ ಮುಖವನ್ನೊಬ್ಬರು ಕಾಣುವುದು ಅಪರೂಪ. ಕಾಣುವುದು ವಿಮಾನ ಮಾತ್ರ; ಆದುದರಿಂದಲೇ ನಾವೂ ಉರುಳಿದ ವಿಮಾನಗಳನ್ನಷ್ಟೇ ಎಣಿಸುತ್ತೇವೆ. ದೇಶವನ್ನು ಕಾಯುವವರ ತ್ಯಾಗಕ್ಕೆ ನಾವು ತಲೆಬಾಗಲೇಬೇಕು. ಆದರೆ ಆ ತ್ಯಾಗ ಎಷ್ಟು ದೊಡ್ಡದೆಂಬುದನ್ನು ಅರಿಯಬೇಕಾದರೆ, ಬಾಗಿಲಲ್ಲಿ ಕಾದು ನಿಂತವರನ್ನೂ ನೆನೆಯಬೇಕು. ಮಳೆಗಾಳಿಯ ದಿನ ದೋಣಿ ತಡವಾದರೆ ದಂಡೆಯಲ್ಲಿ ನಿಲ್ಲುವ ನಮ್ಮ ಮೀನುಗಾರರ ಮನೆಯವರಿಗೆ ಈ ಮಾತನ್ನು ಯಾರೂ ವಿವರಿಸಬೇಕಾಗಿಲ್ಲ.

ಹೊತ್ತು ಮುಳುಗುತ್ತಿತ್ತು. ದೋಣಿಗಳು ಒಂದೊಂದಾಗಿ ದಡಕ್ಕೆ ಬರುತ್ತಿದ್ದವು. ಹುಡುಗ ಈಗ ಅವುಗಳನ್ನು ಎಣಿಸುತ್ತಿದ್ದ.